ಸರಪಳಿ ಹಿಡಿದವನ ಲೆಕ್ಕ

ಮೂವತ್ತಮೂರು ಅಡಿಗೆ ಒಂದು ಸರಪಳಿ,
ಸರಪಳಿಗೆ ಹದಿನಾರು ಆಣೆ.
ಜೇಬಿನ ಆಣೆ ಸತ್ತು ಎಷ್ಟೋ ವರ್ಷವಾದರೂ
ನೆಲದ ಆಣೆ ಬದುಕಿತ್ತು ನಮ್ಮ ಬಿಳಿಗುಂಡ್ಲಲ್ಲಿ.
ಮುಂದಿನ ತುದಿ ನಂದು, ಹಿಂದಿನದು ತೋಟಿ ಗಂಗುಲಪ್ಪನದು,
ನಡುವೆ ಕೊಡೆ ಹಿಡಿದ ಸರ್ವೆ ಇನಾಯತ್ ಸಾಹೇಬರು,
ಒಂದು ಕಣ್ಣು ಮುಚ್ಚಿ ಗುರಿ ನೋಡುತ್ತ.

ಮೂಡಲಿಗೆ ಬೋಳುಗುಟ್ಟ, ಮಲಗಿದ ಕರಡಿ.
ಅದರ ಬೆನ್ನಿಗೆ ಬಿದ್ದ ಮಳೆ ಮೊದಲು ಮೇಲುಕೆರೆಗೆ,
ಅದು ಕೋಡಿ ಹೋದರೆ ನಡುಗೆರೆಗೆ,
ಅಲ್ಲಿ ಮಿಕ್ಕಿದ್ದು ನಮ್ಮ ಕೆರೆಗೆ:
ಅಕ್ಕಂದಿರು ಉಟ್ಟು ಬಿಟ್ಟ ಸೀರೆ
ಕಿರಿಯವಳಿಗೆ ಬಂದ ಹಾಗೆ.

ತೂಬು ಎತ್ತುವ ಹಕ್ಕು ನೀರಗಂಟಿ ಪಿಳ್ಳಪ್ಪನದು.
ಕಡ್ಡಿ ನೆಟ್ಟು, ನೆರಳು ಅಳೆದು ನೀರು ಬಿಡುತ್ತಿದ್ದ.
ಗೌಡರ ಗದ್ದೆಗೂ ಅಷ್ಟೇ ನೆರಳು, ಯರ್ರಕ್ಕನ ಮಡಿಗೂ ಅಷ್ಟೇ,
ಹಾಗಂತ ಪಿಳ್ಳಪ್ಪನ ಮಗ.
ಗೌಡರ ಗದ್ದೆ ಬಂದಾಗ
ನೆರಳಿಗೇ ಕಾಲುನೋವು ಅಂತ ಯರ್ರಕ್ಕ.

ತೂಬಿನ ಕಲ್ಲಲ್ಲಿ ಹಳೇ ಲಿಪಿಯ ಆರು ಸಾಲು.
ಐದು, ಬಟ್ಟೆ ಒಗೆದೊಗೆದು ಸವೆದಿವೆ.
ಕಟ್ಟಿಸಿದವನ ಹೆಸರು ನೊರೆಯಲ್ಲಿ ಹೋಯಿತು,
ಕೆಡಿಸಿದವನಿಗೆ ಹಾಕಿದ ಶಾಪ ಉಳಿದಿದೆ.

ರಾಗಿ, ಮಾವು, ಹಿಪ್ಪುನೇರಳೆ.
ಶ್ರೀನಿವಾಸಪುರದ ರಸ್ತೆಗೆ ಬೆನ್ನು ಹಾಕಿ ಕೂತ ಸಂತೆಮಾಳ,
ದುಡ್ಡನ್ನು ತೆಲುಗಲ್ಲಿ ಎಣಿಸಿ
ಜಗಳ ಕನ್ನಡದಲ್ಲಿ ಆಡುವ ಊರು.
ಎಲ್ಲ ಅಳೆದೆವು. ಎಲ್ಲದಕ್ಕೂ ನಂಬರು ಬಿತ್ತು.

ಪಡುವಲ ಗಡಿಯಲ್ಲಿ ಸರಪಳಿ ಮೊಂಡು ಹಿಡಿಯಿತು.
ನಮ್ಮ ನಕಾಶೆ ಹುಣಸೆಮರದ ಈಚೆಗೇ ಮುಗಿಯುತ್ತದೆ,
ಚಿಂತಲಪಲ್ಲಿಯದು ಮರದ ಆಚೆಗೆ ಶುರು.
ನಡುವೆ ಮೂರು ಗುಂಟೆ, ಯಾವೂರಿನದೂ ಅಲ್ಲ.
ಸಾಹೇಬರು ಎರಡು ಸಲ ಅಳೆಸಿದರು,
ಮೂರನೇ ಸಲ ಕೊಡೆ ಮಡಿಸಿ ತಾವೇ ತುದಿ ಹಿಡಿದರು.
ಮೂರೇ ಗುಂಟೆ.

ಗಂಗುಲಪ್ಪ ಒಳಗೆ ಕಾಲಿಡಲಿಲ್ಲ.
"ಪ್ಲೇಗಮ್ಮನ ಜಾಗ, ಸಾಮಿ."
ಇಲಿ ಬಿದ್ದ ವರ್ಷ ಎರಡೂ ಊರು
ಇಲ್ಲಿ ಗುಡ್ಲು ಹಾಕಿದ್ದವಂತೆ, ಒಂಬತ್ತು ತಿಂಗಳು.
ಸತ್ತವರನ್ನು ಕುಲ ಕೇಳದೆ ಒಂದೇ ಸಾಲಿಗೆ ಇಳಿಸಿದರಂತೆ,
ಕೇಳಲು ಯಾರಿಗೂ ತ್ರಾಣವಿರಲಿಲ್ಲ.
ನನ್ನಜ್ಜಿ ಹುಟ್ಟಿದ್ದು ಆ ಗುಡ್ಲುಗಳಲ್ಲೊಂದರಲ್ಲಿ,
ಗುಡ್ಲಮ್ಮ ಅಂತಲೇ ಹೆಸರಾಯಿತು.
ಮನೆಗೆ ಮರಳುವಾಗ ಎಲ್ಲರೂ
ಗುದ್ದಲಿ, ಗುಂಡುಕಲ್ಲು, ಕೋಳಿಪಂಜರ ಹೊತ್ತರು.
ನೆಲವನ್ನು ಮಾತ್ರ ಯಾರೂ ಕರೆಯಲಿಲ್ಲ.

ಸಾಹೇಬರು ಪೆನ್ಸಿಲ್ ಕಚ್ಚಿಕೊಂಡು ಬಹಳ ಹೊತ್ತು ಕೂತರು.
ಆಮೇಲೆ ಬರೆದರು: ಖರಾಬು.
ವಾಪಸು ಬರುವಾಗ ಸರಪಳಿ
ಯಾಕೋ ಭಾರವಿತ್ತು.

ಹೋದ ತಿಂಗಳು ಡ್ರೋನ್ ಬಂತು.
ಪರದೆಯ ಮೇಲೆ ಬೆರಳಿಟ್ಟು ಆ ಹುಡುಗಿ,
"ಇದ್ಯಾವ ಜಾಗ ತಾತ, ಹೆಸರೇ ಇಲ್ಲ?"
ಹುಣಸೆ ಹಣ್ಣಾಗಿತ್ತು. ಎರಡೂ ಊರಿನ ಹೆಂಗಸರು
ಮಡಿಲೊಡ್ಡಿ ಆಯುತ್ತಿದ್ದರು, ಬೈದಾಡುತ್ತ, ನಗುತ್ತ.
ಒಂದು ಓಡು ಬಿಡಿಸಿ ಅವಳ ಕೈಗಿಟ್ಟೆ.
ಹುಳಿಗೆ ಅವಳ ಒಂದು ಕಣ್ಣು ಮುಚ್ಚಿತು,
ಥೇಟು ಸಾಹೇಬರ ಹಾಗೆ.