ಕಟ್ಟಿಯ ಹೊರಗಿನ ಇಪ್ಪತ್ತೆಂಟು ಅಡಿ

ದೋಣಿ ನಲವತ್ತೆರಡು ಅಡಿ.
ಕಟ್ಟಿ ಹದಿನಾಲ್ಕು.
ಟೇಪು ಹಿಡಿದಾಂವ ನಾನು. ಎರಡು ಸಲ ಅಳದೆ,
ಮೂರನೇ ಸಲಕ್ಕ ನಾಚಿಕಿ ಬಂತು.

ಕಾರವಾರದ ಕಡೆಯಿಂದ ಉಣಕಲ್ ಕೆರಿಗೆ
ಲಾರಿ ಮ್ಯಾಲೆ ಬಂದದ್ದು, ಮೂರನೇ ಕೈ ಮಾಲು,
ಬಾಲಕ್ಕ ಕೆಂಪು ಅರಿವಿ ಕಟಿಗೊಂಡು.
ಗುತ್ತಿಗಿದಾರ ಸವಣೂರಮಠ ಅಂದ,
"ಕಟ್ಟಿ ಏನ್ ಬಿಡಪಾ, ಮುಂದಿನ ವರ್ಷ ಬೆಳಸೂಣು."
ಕಟ್ಟಿ ಅಂದ್ರ ನೀಲಿ ಪ್ಲಾಸ್ಟಿಕ್ ಡಬ್ಬಿ,
ಒಂದಕ್ಕೊಂದು ಹಲ್ಲು ಕಚಿಗೊಂಡು ತೇಲತಾವು.
ಎರಡು ವರ್ಷ ಆತು, ಒಂದು ಹಲ್ಲೂ ಹೊಸಾದು ಬಂದಿಲ್ಲ.

ಮೊದಲನೇ ದಿನ ಮೂಗಿಗೆ ಹಗ್ಗ ಹಾಕಿ ಬಿಗದೆ.
ಮಧ್ಯಾಹ್ನ ಧಾರವಾಡದ ಕಡೆಯ ಗಾಳಿ ಎದ್ದು
ಬಾಲ ತಿರುಗಾಕ ಹತ್ತಿತು ನೋಡ್ರಿ,
ಮೆಲ್ಲಕ, ಗಡಿಯಾರದ ಮುಳ್ಳಿನಂಗ,
ಹನ್ನೆರಡರಿಂದ ಮೂರಕ್ಕ.
ಮೂರರ ಜಾಗಾದಾಗ ಪೆಡಲ್ ಹಂಸ ನಿಂತಿತ್ತು.
ಅದರ ಕುತ್ತಿಗಿ ಈಗ ಟಿಕೆಟ್ ಖೋಲಿ ಹಿಂದ ಐತಿ.
ಮಳಿ ಬಂದ್ರ ಕಣ್ಣಿನ ಕುಣಿಯೊಳಗ ನೀರು ನಿಲ್ಲತೈತಿ.

ಆಮ್ಯಾಲೆ ಬಂದ ಗುತ್ತೆಪ್ಪ ಅಂಬಿಗೇರ,
ಹಾವನೂರ ಕಡೆಯಾಂವ. ಆರು ಅಡಿ ಮೂರು ಇಂಚು.
ಅವರ ಹೊಳಿಯೊಳಗ ಕಟ್ಟಿ ಅನ್ನೂದ ಇರಲಿಲ್ಲಂತ,
ಒಂದು ಜಾಲಿ ಗಿಡ, ಒಂದು ಹಗ್ಗ.
ಹೊಳಿ ಏರಿದ್ರ, ಅದರ ಮ್ಯಾಲಿನ ಜಾಲಿ ಗಿಡ.
ಕುಂತು, ತಂಬಾಕ ತಿಕ್ಕಿ,
ದೋಣಿ ನೋಡಿದ, ಕಟ್ಟಿ ನೋಡಿದ,
ಹೆಣ್ಣಿನ ಕಡೆಯವರು ವರನ್ನ ನೋಡಿದಂಗ
ಮತ್ತೊಮ್ಮೆ ದೋಣಿ ನೋಡಿದ.

"ಬಾಲದ ಗೊಡವಿ ಬಿಡು. ಹೊಟ್ಟಿ ಹಿಡಿ."
ಹೊಟ್ಟಿಯ ಗೂಟದಿಂದ ಒಂದು ಹಗ್ಗ ದಂಡಿ ಕಡೆ,
ಮೂಗಿನಿಂದ ಇನ್ನೊಂದು ಕಟ್ಟಿಯ ನೀರಿನ ತುದಿಗೆ,
ಎರಡೂ ಕತ್ತರಿ ಬಿದ್ದವು.
ಮುಂದ ಹೋಗತೇನಿ ಅಂದ್ರ ಒಂದು ಬಿಡವಲ್ದು,
ಹಿಂದ ಹೋಗತೇನಿ ಅಂದ್ರ ಇನ್ನೊಂದು.
"ಬಾಲ?" ಅಂದೆ.
ಮರುದಿನ ಬಸ್ಸಿನ್ಯಾಗ ಅರ್ಧ ಟಿಕೆಟ್ ತಗಿಸಿ
ಬೀಸೂಕಲ್ಲಿನ ಮ್ಯಾಲಿನ ಹೋಳು ತಂದ, ನಡುವ ತೂತು ಇದ್ದದ್ದು.
ಶಾಂತವ್ವ ಗಿರಣಿಗೆ ಹೋಗಾಕ ಹತ್ತಿ ಇಪ್ಪತ್ತು ವರ್ಷ ಆತಂತ,
ಕಲ್ಲಿಗೆ ಕೆಲಸ ಇರಲಿಲ್ಲ.
ತೂತಿನ್ಯಾಗ ಹಗ್ಗ ತೂರಿಸಿ
ಬಾಲದ ಕೆಳಗ ಇಳಿಬಿಟ್ಟ.
ಕೆರಿ ಒಮ್ಮೆ ಗುಳುಂ ಅಂತು.
"ಎರಡು ಮೊಳ ಸಡಲ ಇರಲಿ. ಮಳಿ ಬಂದ್ರ ನೀರು ಏರತೈತಿ,
ಬಿಗದ್ರ ಮುಕಳಿ ಮುಣಗತೈತಿ."

ಭೈರಿದೇವರಕೊಪ್ಪದ ಮುದುಕಿ ಒಬ್ಬಾಕಿ ಹತ್ತುವಾಗ
ಕಡೀತನ ನಡದು ಹೋಗಿ, ತಿರುಗಿ ದಂಡಿ ನೋಡಿ,
"ತಮ್ಮಾ, ದೋಣಿ ಬಿಟ್ಟs ಬಿಟ್ಟೇನು?" ಅಂದಳು.
ಬಿಟ್ಟಿರಲಿಲ್ಲ.

ಮೊನ್ನೆ ರಾತ್ರಿ ಗಾಳಿ ಜೋರಾತು.
ನಿದ್ದಿ ಹತ್ತಲಿಲ್ಲ, ಸೈಕಲ್ ಹೊಡಕೊಂಡು ಬಂದೆ.
ಹದಿನಾಲ್ಕು ಅಡಿ ದೀಪದ ಬೆಳಕಿನ್ಯಾಗ,
ಉಳಿದದ್ದು ಕತ್ತಲದಾಗ,
ತುದಿಗೆ ಒಂದು ಬೆಳ್ಳಕ್ಕಿ ಗಾಳಿಗೆ ಮಾರಿ ಕೊಟ್ಟು.
ಬಾಲ ಒಂದು ಗೇಣು ಹೋತು, ಒಂದು ಗೇಣು ಬಂತು.

ಟಿಕೆಟ್ ಖೋಲಿ ಐದೂವರಿ ಅಡಿ.
ಗುತ್ತೆಪ್ಪನ ಕಾಲು ಹೊಸ್ತಿಲ ದಾಟಿ ಹೊರಗ,
ಎಡಗಾಲಿನ ಹೆಬ್ಬೆರಳಿಗೆ ತೆಳ್ಳನ ನೈಲಾನ್ ದಾರ,
ದಾರ ದಂಡಿಗುಂಟ ಹೋಗಿ, ನೀರ ದಾಟಿ,
ಬಾಲಕ್ಕ.
ನಾನು ಬಗ್ಗಿ, ಎರಡು ಬಟ್ಟಿನ್ಯಾಗ ಹಿಡದು
ಸ್ವಲ್ಪ ಜಗ್ಗಿದೆ.

ಬೆರಳು ಅಳ್ಳಾಡಿತು.
"ಯಾರಲೇ ಅವ, ಗಾಳಿ ಅಲ್ಲದಾಂವ?"