ಒಳಗೆ ಬಿಟ್ಟ ಬಟ್ಟೆ

ಉರ್ವ ಮಾರ್ಕೆಟಿನ ಹಿಂದೆ, ಮಹಡಿ ಮೇಲೆ ನನ್ನ ಅಂಗಡಿ.
ಕೆಳಗಿಂದ ಮೀನಿನ ವಾಸನೆ, ಮೇಲೆ ಇಸ್ತ್ರಿಯ ಹಬೆ.
ಇಪ್ಪತ್ತಾರು ವರ್ಷದಿಂದ ಹೆಂಗಸರ ಅಳತೆ ತೆಗೆಯುತ್ತಿದ್ದೇನೆ.
ಪುಸ್ತಕ ಹನ್ನೊಂದು ತುಂಬಿವೆ,
ರಟ್ಟು ಕಿತ್ತು ಹೋದವನ್ನು ದಾರ ಕಟ್ಟಿ ಇಟ್ಟದ್ದು.

ಆಟಿ ತಿಂಗಳಲ್ಲಿ ಕುಸುಮಾವತಿ ಬಂದರು, ಅಶ್ವಿತಾಳ ಅಮ್ಮ.
ಬಟ್ಟೆ ತಂದಿರಲಿಲ್ಲ.
ಆಸ್ಪತ್ರೆಯಿಂದ ನೇರ ಬಂದದ್ದು, ಕೈಯಲ್ಲಿ ಫ್ಲಾಸ್ಕು,
ಅದರೊಳಗೆ ಗಂಜಿ, ಮುಚ್ಚಳ ತೆರೆಯದೆ ವಾಪಸು.
"ನಿಮ್ಮ ಪುಸ್ತಕದಲ್ಲಿ ಇರಬೇಕಲ್ಲ ವಾರಿಜಕ್ಕಾ,
ಯಾವಾಗ ಸುರುವಾದದ್ದು ಅಂತ?"

ಇತ್ತು.
ತಾರೀಕು ಸಮೇತ ಇತ್ತು.
ಅಣ್ಣನ ಮದುವೆಯ ಲಂಗ, ಆಮೇಲೆ ಕಾಲೇಜ್ ಡೇ, ಆಮೇಲೆ ಅಷ್ಟಮಿ;
ಪ್ರತಿ ಸಲ ನನ್ನ ಟೇಪು ಒಂದೊಂದು ಗೆರೆಯಷ್ಟು
ಅವಳನ್ನು ಕಳೆದುಕೊಳ್ಳುತ್ತ ಬಂದದ್ದು.
ಯಾವಾಗ ಎಂಬುದು ಅಂಕೆ, ಬರೆಯಬಹುದು.
ಯಾಕೆ ಎಂಬುದಕ್ಕೆ ನನ್ನ ಪುಸ್ತಕದಲ್ಲಿ ಕಾಲಮಿಲ್ಲ.

ಮೊಬೈಲು ಅಂದರು. ಯಾರದೋ ಕಣ್ಣು ಬಿತ್ತು ಅಂದರು.
ದೈವಕ್ಕೆ ಹೇಳಿಕೊಂಡದ್ದು ತೀರಿಸಿಲ್ಲ, ಅದೂ ಇರಬಹುದು ಅಂದರು.
ಇರಬಹುದು ಅಂದೆ.
ಆದರೆ ಕುಸುಮಾವತೀ,
ನಿಮ್ಮ ಮನೆಯಲ್ಲಿ ಅಂಜಲಿನ ನಡುತುಂಡು ಯಾರ ಬಟ್ಟಲಿಗೆ ಬೀಳುತ್ತದೆ?
ಬಾಲ, ತಲೆ, ಕಾವಲಿ ಕೆರೆದ ಮಸಾಲೆ ಯಾರಿಗೆ?
ಇದೇ ಸ್ಟೂಲಿನಲ್ಲಿ ಕೂತು ನೀವು ಹೇಳಿದ್ದಲ್ಲವೇ,
"ನನಗೆಂತದೂ ಬೇಡಪ್ಪ, ಒಂದು ಚಾ ಆದರೆ ಸಂಜೆವರೆಗೆ ಸಾಕು"
ಅಂತ, ಬಂಗಾರ ತೋರಿಸಿದ ಹಾಗೆ?
ಸೋಮವಾರ ಒಪ್ಪೊತ್ತು, ಸಂಕಷ್ಟಿಗೆ ಚಂದ್ರ ಕಾಣುವವರೆಗೆ;
ಹಸಿದ ಹೆಂಗಸನ್ನೇ ಊರು ಒಳ್ಳೆಯವಳು ಅನ್ನುವುದು.
ಮಗಳು ನೋಡಿದಳು. ಜಾಣೆ.
ನಾವು ಅರ್ಧ ಕಲಿಸಿದ್ದನ್ನು ಪೂರ್ತಿ ಮಾಡಿದಳು.

ಇದನ್ನೆಲ್ಲ ನಾನು ಹೇಳಲಿಲ್ಲ.
ಬಾಯಲ್ಲಿ ಗುಂಡುಸೂಜಿ ಇತ್ತು.

ಗುಂಡುಸೂಜಿ ಕಚ್ಚಿಕೊಂಡೂ ನಾನು ಮಾತಾಡಬಲ್ಲೆ, ಗಿರಾಕಿಗಳಿಗೆ ಗೊತ್ತು.
ಆ ಲಂಗದ ದಿನ ಅವಳಿಗೆ ಹದಿಮೂರು.
ಸಹಾಯದ ಹುಡುಗಿ ಬರೆದುಕೊಳ್ಳಲೆಂದು
ಅಂಕೆ ಕೂಗುವುದು ನನ್ನ ಅಭ್ಯಾಸ, ಎದೆ ಇಷ್ಟು, ಸೊಂಟ ಇಷ್ಟು,
ಸಿಟಿ ಬಸ್ಸಿನ ಕಂಡಕ್ಟರು ಸ್ಟಾಪು ಕೂಗಿದ ಹಾಗೆ.
ಬೆಂಚಿನಲ್ಲಿ ನಾಲ್ಕು ಜನ ಕಾಯುತ್ತಿದ್ದರು.
"ಎಂತ ಮಾರಾಯ್ತಿ, ಇದು ರಟ್ಟೆಯಾ ಬಾಳೆದಿಂಡಾ?" ಅಂದೆ.
ಎಲ್ಲರೂ ನಕ್ಕರು.
ಅವಳೂ ನಕ್ಕಳು,
ದುಪ್ಪಟ್ಟ ಎಳೆದು ತೋಳಿನ ಮೇಲೆ ಹಾಕಿಕೊಂಡಳು.

ಹೊಲಿಯುವವರಿಗೆ ಒಂದು ಧರ್ಮ ಉಂಟು:
ಹೆಣ್ಣುಮಕ್ಕಳ ಬಟ್ಟೆಗೆ ಒಳಗೆ ಒಂದಿಂಚು ಬಿಡಬೇಕು.
ಬೆಳೆಯುತ್ತಾರೆ, ಹೆರುತ್ತಾರೆ,
ಯಾವುದೋ ಒಂದು ದಿನ ಸುಮ್ಮನೆ ಹೊಟ್ಟೆ ತುಂಬ ಉಣ್ಣುತ್ತಾರೆ.
ಹೊಲಿಗೆ ಬಿಚ್ಚಿದರೆ ಜಾಗ ಇರಬೇಕು.
ಕಳೆದ ವರ್ಷ ಅವಳೊಬ್ಬಳೇ ಬಂದು
"ಒಳಗಿನದ್ದು ಕತ್ತರಿಸಿಬಿಡಿ ಅಕ್ಕ, ನನಗೆ ಬೇಕಾಗುವುದಿಲ್ಲ" ಅಂದಳು.
ಗಿರಾಕಿ ಹೇಳಿದ್ದು. ಕತ್ತರಿಸಿದೆ.
ನೀಲಿ ರೇಷ್ಮೆಯ ಬೆರಳಗಲದ ಪಟ್ಟಿಗಳು
ಮಿಷನಿನ ಕಾಲಡಿಗೆ ಬಿದ್ದವು. ಸಂಜೆ ಗುಡಿಸಿದೆ.

ದೀಪಾವಳಿಗೆ ಎಂಟು ದಿನ ಇರುವಾಗ ಬಂದಳು,
ಮೆಟ್ಟಿಲಲ್ಲಿ ಎರಡು ಕಡೆ ನಿಂತು, ಕಂಬಿ ಹಿಡಿದು.
ಗುಣ ಆಯಿತಾ ಅಂತ ಕೇಳಬಾರದು ಅಂದಿದ್ದರು ಕುಸುಮಾವತಿ.
ಚೆಂದ ಕಾಣ್ತಿ ಅಂತಲೂ ಹೇಳಬಾರದಂತೆ.
ಹಾಗಾದರೆ ಹೆಂಗಸರು ಹೆಂಗಸರಿಗೆ ಹೇಳುವುದೆಂತ?
ಮಳೆ ಬಿಟ್ಟಿತಲ್ಲ ಅಂದೆ.
ಹೂಂ ಅಂದಳು.

ಬೆಂಚಿನಲ್ಲಿ ಮೂವರು. ಟೇಪು ಸುತ್ತಿದೆ.
ಸಹಾಯದ ಹುಡುಗಿ ಪೆನ್ನು ಹಿಡಿದು ನನ್ನ ಬಾಯಿ ನೋಡಿದಳು.
ಕೂಗಲಿಲ್ಲ.
ಕನ್ನಡಕ ಹುಡುಕಿ, ನಾನೇ ಬರೆದು, ಪುಸ್ತಕ ಮುಚ್ಚಿದೆ.
ಅವಳು ಚೂಡಿದಾರದ ಬಟ್ಟೆಯ ಅಂಚನ್ನು ಮಡಚುತ್ತ ಬಿಚ್ಚುತ್ತ,
ಕೆಳಗೆ ಬಂಗುಡೆಯವಳ ಕೂಗು ನಿಲ್ಲುವವರೆಗೆ ಕಾದು,
ಮೆಲ್ಲಗೆ ಕೇಳಿದಳು:
"ಒಳಗೆ ಎಷ್ಟು ಬಿಡ್ತೀರಿ?"