ಬಾಯಿ ಮಾತ್ರ

ಬಂದರಿನ ಫೆರಿಕಟ್ಟೆಯಲ್ಲಿ ಸಿನಿಮಾ ತೆಗೆಯುತ್ತಿದ್ದರು.
ಸಣ್ಣ ಸಿನಿಮಾ. ಒಂದು ಕ್ಯಾಮೆರಾ, ಎರಡು ಕೊಡೆ,
ಬಾಡಿಗೆಯ ಓಮ್ನಿ, ಅದರ ಬಾಗಿಲು ಹಾಕಲು
ಇಬ್ಬರು ಬೇಕು.
ರಾತ್ರಿಪಾಳಿ ಮುಗಿಸಿ ಬಸ್ಸಿಗೆ ನಡೆಯುತ್ತಿದ್ದೆ.
ಕಿವಿಗೆ ಪೆನ್ಸಿಲ್ ಸಿಕ್ಕಿಸಿದ ಹುಡುಗಿ ಅಡ್ಡ ಬಂದಳು:
"ಅಕ್ಕಾರ, ಆ ಬೆಂಚಿನ ಮ್ಯಾಲ ಚೂರು ಕುಂದರ್ತೀರೇನ್ರೀ?
ಮುನ್ನೂರು ರೂಪಾಯಿ ಕೊಡ್ತೀವಿ."
ಗದಗದವಳು. ನೀರಿಗೆ ಬೆನ್ನು ಹಾಕಿಯೇ ನಿಲ್ಲುತ್ತಿದ್ದಳು.

ಮನೆಯಲ್ಲಿ ನನ್ನ ಕಾಯುವುದು ನೆನೆಹಾಕಿದ ಉದ್ದು,
ಒಬ್ಬಳಿಗೆ ಒಂದು ಮುಷ್ಟಿ.
ಇನ್ನೆರಡು ಗಂಟೆ ನೆನೆದರೆ ಎಂತ ಆಗುವುದಿಲ್ಲ. ಕೂತೆ.

ಬೆಂಚಿನ ಆ ತುದಿಯಲ್ಲಿ ಮೊದಲೇ ಒಬ್ಬರು:
ಐಸ್ ಪ್ಲಾಂಟಿನ ಹಸನಬ್ಬ, ಬೆಂಗರೆಯವರು.
ಚೌಕುಳಿ ಲುಂಗಿ, ಅಂಗಿ ಮಾತ್ರ ಇಸ್ತ್ರಿಯದ್ದು.
ನಡುವೆ ಮೂರನೆಯವರು ಕೂರುವಷ್ಟು ಜಾಗ,
ಅದರಲ್ಲಿ ಅವರ ಬುತ್ತಿ.

ನೀವಿಬ್ಬರು ಹಳೇ ಸ್ನೇಹಿತರು, ಅಂದರು.
ಮುಂದೆ ಹೀರೋಯಿನ್ ಅಳುತ್ತಾಳೆ, ಹಿಂದೆ ನಿಮ್ಮ ಮಾತುಕತೆ.
ಶಬ್ದ ಬರಬಾರದು. ಬಾಯಿ ಮಾತ್ರ.
"ಎಂತ ಮಾತಾಡುವುದು?" ಹಸನಬ್ಬ ಕೇಳಿದರು.
"ಏನರ. ಒಂದು ಎರಡು ಎಣಸ್ರಿ."

ನಾನು ಬೆಡ್ಡು ಎಣಿಸಿದೆ, ಒಂದರಿಂದ ಹನ್ನೆರಡು,
ಏಳು ಬಿಟ್ಟು. ಏಳು ಬೆಳಗಿನ ಜಾವ ಖಾಲಿಯಾಗಿತ್ತು.
ಅವರು ಮೀನು ಎಣಿಸಿದರು:
ಬೂತಾಯಿ, ಬಂಗುಡೆ, ಕಾಣೆ, ಅಂಜಲ್, ಪುನಃ ಬೂತಾಯಿ.

ನನಗೆ ಹೇಗೆ ಗೊತ್ತೆಂದರೆ,
ಇಪ್ಪತ್ತೆರಡು ವರ್ಷದಿಂದ ಐಸಿಯುವಿನಲ್ಲಿ ಆಯಾ.
ಗಂಟಲಿಗೆ ಕೊಳವೆ ಇಟ್ಟವರು ತುಟಿಯಲ್ಲೇ ಕೇಳುವುದು:
ನೀರು. ಮಗಳು ಬಂದಳಾ. ಲೈಟು ಆರಿಸಬೇಡ.
ತುಳು, ಕೊಂಕಣಿ, ಬ್ಯಾರಿ, ಎಲ್ಲ ಭಾಷೆಯ ತುಟಿಯನ್ನೂ
ನಾನು ಪೇಪರಿನ ಹಾಗೆ ಓದುತ್ತೇನೆ.
ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಟೇಕಿನ ಮೇಲೆ ಟೇಕು. ಒಮ್ಮೆ ಬೋಟು ಕೂಗಿತು,
ಒಮ್ಮೆ ಅಳು ಸಾಲಲಿಲ್ಲ.
ಆರನೆಯದರಲ್ಲಿ ಮೀನು ಮುಗಿದಿರಬೇಕು.
ನೀರು ನೋಡುತ್ತ ಆ ತುಟಿ ಬ್ಯಾರಿಯಲ್ಲಿ ಹೇಳಿತು:
ಸೈನಬಾ ಹೋಗಿ ನಾಲ್ಕು ವರ್ಷ.
ಏಳನೆಯದರಲ್ಲಿ:
ದಿನಾ ಕೊನೆಯ ಫೆರಿ ಹಿಡಿಯುತ್ತೇನೆ. ಬೇಗ ಹೋದರೆ ಸಂಜೆ ಉದ್ದ.
ಎಂಟನೆಯದರಲ್ಲಿ ತಲೆಯ ಮೇಲೆ ಗರುಡ ಹಾದುಹೋಯಿತು:
ಅವಳ ಫೋನಿಗೆ ಈಗಲೂ ರೀಚಾರ್ಜ್ ಮಾಡಿಸುತ್ತೇನೆ.
ಫೆರಿಯಿಂದ ರಿಂಗು ಕೊಡುತ್ತೇನೆ.
ನಾನು ತಲುಪುವಾಗ ಮನೆ ಆಗ ತಾನೇ ಸದ್ದು ಮಾಡಿ ಸುಮ್ಮನಾಗಿರಬೇಕು.

ನಾನೂ ಹೇಳಿದೆ, ಬಾಯಿ ಮಾತ್ರ.
ಅವರಿಗೆ ಓದಲು ಬರುವುದಿಲ್ಲವೆಂಬ ಧೈರ್ಯದಲ್ಲಿ.

ಕಟ್ ಆಯಿತು. ಅವರು ಬುತ್ತಿ ಬಿಚ್ಚಿದರು.
ನಾನು ತುಳುವಿನಲ್ಲಿ, ಈ ಸಲ ಶಬ್ದ ಮಾಡಿ:
"ಏತ್ ಗಂಟೆಗ್ ರಿಂಗ್ ಕೊರ್ಪರ್?"

ಎದ್ದು ಹೋದರು.
ಕಟ್ಟೆಯ ತುದಿಯಲ್ಲಿ ಬೆನ್ನು ಮಾಡಿ ತುಂಬ ಹೊತ್ತು ನಿಂತರು,
ಪತ್ತಿರಿಯ ಮೇಲೆ ನೊಣ ಕೂತಿತು, ನಾನು ಓಡಿಸಿದೆ.
ಬಂದು, "ಕದ್ದು ಕೇಳಿದಿರಿ," ಅಂದರು.
"ಕೇಳಲಿಲ್ಲ. ಕಂಡಿತು."
"ಹಾಗಾದರೆ ನಿಮ್ಮದು? ಲೆಕ್ಕ ಸರಿ ಆಗಬೇಕಲ್ಲ."

ಹೇಳಿದೆ: ಹೆಸರು ಬೆನೆಡಿಕ್ಟಾ.
ಹಬ್ಬದ ದಿನ ಬೇಕೆಂದೇ ಡ್ಯೂಟಿ ಕೇಳಿ ಹಾಕಿಸಿಕೊಳ್ಳುತ್ತೇನೆ,
ಮೊಂತಿ ಹಬ್ಬದ ಹೊಸ ಅಕ್ಕಿಯನ್ನು
ಸಿಸ್ಟರ್ ಒಬ್ಬರ ಡಬ್ಬಿಯ ಮುಚ್ಚಳದಲ್ಲಿ ತಿನ್ನುತ್ತೇನೆ.
ಅವರು ಏನೂ ಅನ್ನಲಿಲ್ಲ. ಪತ್ತಿರಿ ಮುರಿದರು.
ಗದಗದ ಹುಡುಗಿ ಬಂದು ನಡುವಿನ ಜಾಗದಲ್ಲಿ ಕೂತಳು,
"ಮನ್ಯಾಗ ಬ್ಯಾಂಕ್ ಪರೀಕ್ಷೆಕ್ಕ ಓದಾಕತ್ತೀನಿ ಅಂದೀನ್ರೀ,"
ಅಂದು, ಕೇಳದೆ, ಇನ್ನೊಂದು ತುಂಡು ತೆಗೆದುಕೊಂಡಳು.

ಈಗ ರಜೆಯ ರಾತ್ರಿ ಆ ನಂಬರಿಗೆ ನಾನೂ ರಿಂಗು ಕೊಡುವುದುಂಟು.
ಒಮ್ಮೊಮ್ಮೆ ಹಸನಬ್ಬ ಎತ್ತುತ್ತಾರೆ,
ಅಡುಗೆ ಎಂತ ಅಂತ ಕೇಳಿ ಇಡುತ್ತಾರೆ.

ಸಿನಿಮಾ ಬಂತು, ಕಾಲೇಜೊಂದರ ಹಾಲಿನಲ್ಲಿ, ಒಂದೇ ಶೋ.
ಹದಿನಾಲ್ಕು ಜನ, ನಾವು ಮೂವರೂ ಸೇರಿ.
ಹೀರೋಯಿನ್ನಿನ ಕಿವಿಯ ಹಿಂದೆ ಎರಡು ಮಸುಕು ಬಣ್ಣ:
ಹಳದಿ ನಾನು, ಬಿಳಿ ಅವರು.
ಮುಖವಿಲ್ಲ, ತುಟಿಯಂತೂ ಇಲ್ಲವೇ ಇಲ್ಲ.
ಹಸನಬ್ಬ ಬಗ್ಗಿ ಪಿಸುಗುಟ್ಟಿದರು:
"ಅಲ್ಲಿ ಎಂತ ಹೇಳುತ್ತಿದ್ದೇನೆ?"
"ಬಂಗುಡೆ," ಅಂದೆ.
ಅವರು ನಕ್ಕದ್ದಕ್ಕೆ ಮುಂದಿನ ಸಾಲಿನಿಂದ ಶ್ ಅಂದರು.

ಪರದೆಯ ಮೇಲಿನ ಮೂಲೆಯಲ್ಲಿ
ಗರುಡ ಹಾದುಹೋಯಿತು.